ಮನೆಯಲ್ಲೇ ಇರುವವಳ ಪಾದ

ಬೆಳಗಿನ ಜಾವ ಎದ್ದವಳು ಮೊದಲ ಹೆಜ್ಜೆ ಇಡುವ ಮುಂಚೆ ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದೆ. ಬಲಗಾಲಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆಗಣ್ಣಿನ ಮಗುವನ್ನು ಎಬ್ಬಿಸುವವರ ಹಾಗೆ ಮೆಲ್ಲಗೆ ತಿರುವುತ್ತಿದ್ದೆ. ಅದು ಏಳುತ್ತಿರಲಿಲ್ಲ. ಕಾಲು ಪಾದಕ್ಕೆ ಕೂಡುವ ಗಿಣ್ಣಿನೊಳಗೆ ಮರಳು ಉಜ್ಜಿದಂತೆ ಏನೋ ಕರಕರ ಎನ್ನುತ್ತಿತ್ತು. ಹೊರಗೆ ನಾಲೆಯ ಕಡೆಯಿಂದ ಮಂಜು ಬಂದು ಕಿಟಕಿಯ ಸರಳಿಗೆ ತಾಕಿ ನಿಂತಿರುತ್ತಿತ್ತು. ಕೊಟ್ಟಿಗೆಯಿಂದ ಹಸುವಿನ ಕೊರಳ ಗಂಟೆ ಒಂದೇ ಒಂದು ಸಲ ಅಲುಗಿ ಸುಮ್ಮನಾಗುತ್ತಿತ್ತು. ಆ ಗಂಟೆಯ ಮಾತಿಗೆ ಎದ್ದು, ಗೋಡೆ ಹಿಡಿದುಕೊಂಡು ಹೋಗುತ್ತಿದ್ದೆ.

ಆ ಕಾಲು ಮುರಿದದ್ದು ತವರಿನಲ್ಲಿ, ಸಿಂಧಘಟ್ಟದ ಕಡೆ. ನಾನಿನ್ನೂ ಲಂಗ ಹಾಕುತ್ತಿದ್ದ ವಯಸ್ಸು. ಹುಲ್ಲು ತುಂಬಿದ ಗಾಡಿಯ ಮೇಲಿಂದ ಧುಮುಕಿದೆ. ಆಸ್ಪತ್ರೆ ಎಂದು ಯಾರೂ ಅನ್ನಲಿಲ್ಲ. ಮೂಳೆ ಕಟ್ಟುವವರು ಬಂದು ಮೊಟ್ಟೆಯ ಬಿಳಿ ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಕೂಡಿಕೊಂಡಿತು, ಒಂದಿಷ್ಟು ವಾರೆಯಾಗಿ. ಆ ವಾರೆಯಲ್ಲೇ ಕುಂಟಾಬಿಲ್ಲೆ ಆಡಿದೆ, ಆ ವಾರೆಯಲ್ಲೇ ಮದುವೆಯಾಗಿ ಪಾಂಡವಪುರ ತಾಲ್ಲೂಕಿಗೆ, ಕ್ಯಾತನಹಳ್ಳಿಯ ಹತ್ತಿರದ ಊರಿಗೆ ಬಂದೆ. ನಲವತ್ತು ದಾಟುವ ಹೊತ್ತಿಗೆ ಅಲ್ಲಿಗೆ ವಾತ ಸೇರಿಕೊಂಡಿತು. ಒಳಗಿನ ಮೆತ್ತೆಯೆಲ್ಲ ಸವೆದು ಮೂಳೆಗೆ ಮೂಳೆ ತೀಡುತ್ತಿದೆ ಎಂದು ಆಮೇಲೆ ಮೈಸೂರಿನ ಡಾಕ್ಟರು ಹೇಳಿದರು. ನನಗೆ ಗೊತ್ತಿದ್ದದ್ದು ಇಷ್ಟೇ: ಸಮನಾದ ನೆಲದಲ್ಲಿ ನಡೆಯುತ್ತಿದ್ದೆ, ನೆಲ ಒಂದು ಚೂರು ಓರೆಯಾದರೆ ಕಣ್ಣು ಕತ್ತಲಿಡುತ್ತಿತ್ತು. ನಮ್ಮ ಊರಿನಲ್ಲಿ ಸಮನಾದ ನೆಲ ಎಲ್ಲಿದೆ?

ಮೈಸೂರಿಗೆ ಮೊದಲ ಸಲ ಹೋದದ್ದು ತೊಂಬತ್ತರ ದಶಕದ ಕೊನೆಕೊನೆಯಲ್ಲಿ. ನಾನು ಕಿಟಕಿಯ ಪಕ್ಕ, ನಮ್ಮ ಯಜಮಾನರು ಆ ಕಡೆ, ನನ್ನ ಕಾಲು ಎದುರು ಸೀಟಿನ ಕೆಳಗಿನ ಬ್ಯಾಗಿನ ಮೇಲೆ. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಬಸ್ಸಿನ ಸದ್ದು ಬದಲಾಯಿತು. ಕೆಳಗೆ ಹೊಳೆ ಬಂಡೆಗಳ ನಡುವೆ ಹೋಗುತ್ತಿತ್ತೋ ನಿಂತಿತ್ತೋ ತಿಳಿಯಲಿಲ್ಲ. ಮಂಪರಿನಲ್ಲಿ ನನಗೆ ಬಸ್ಸೇ ನಿಂತಿದೆ, ನೀರು ನಮ್ಮನ್ನು ದಾಟಿಸುತ್ತಿದೆ ಅನ್ನಿಸಿತು.

ಡಾಕ್ಟರು ಹೊರದೇಶದಲ್ಲಿ ಕಲಿತು ಬಂದವರು, ಮೆಲುಮಾತಿನವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿ ಕೇಳಿದರು. "ಕೆಲಸ ಏನು ಮಾಡ್ತೀರಮ್ಮ?"

ನಾನು ಬಾಯಿ ತೆರೆಯುವ ಮುಂಚೆ ಯಜಮಾನರು ಹೇಳಿದರು. "ಇವಳೇನೂ ಮಾಡಕಿಲ್ಲ ಸಾರ್. ಮನೇಲೇ ಇರ್ತಾಳೆ."

ಇದನ್ನು ಸುಳ್ಳು ಎನ್ನಲು ನನಗೆ ಆಗಲೂ ಮನಸ್ಸಾಗಲಿಲ್ಲ, ಈಗಲೂ ಆಗುವುದಿಲ್ಲ. ನಮ್ಮ ಕಡೆ ಜಮೀನಿರುವ ಮನೆಗಳಲ್ಲಿ ಹೊರಗಿನವರ ಮುಂದೆ ಹೇಳುವ ಮಾತೇ ಇದು. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪನೂ ಹೀಗೇ ಹೇಳಿದ್ದರು. "ನಮ್ಮುಡ್ಗಿ ಬಿಸ್ಲಿಗೆ ಬಿದ್ದೋಳಲ್ಲ." ಆವತ್ತು ಬೆಳಿಗ್ಗೆ ನಾನು ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು, ಬಾವಿಯ ಹತ್ತಿರ ಉಗುರಿನ ಮಣ್ಣು ತೆಗೆದುಕೊಂಡು ಬಂದು ಕೂತಿದ್ದೆ. ಬಂದವರಿಗೂ ಅದು ಗೊತ್ತಿತ್ತು, ಅವರ ಮನೆಯ ಹೆಂಗಸರೂ ಹಾಗೆಯೇ ಕೂತವರು. ಹೇಳುವವರೂ ಕೇಳುವವರೂ ಒಂದೇ ಊಟ ಉಂಡವರಾದರೆ ಆ ಮಾತಿನಿಂದ ಏನೂ ಕೆಡುವುದಿಲ್ಲ. ಡಾಕ್ಟರು ಮಾತ್ರ ಅದನ್ನು ನಂಬಿಕೊಂಡರು.

"ಹಾಗಾದರೆ ಒಳ್ಳೆಯದೇ ಆಯಿತು" ಎಂದು ಮೇಜಿನ ಖಾನೆಯಿಂದ ಒಂದು ಗೊಂಬೆಯ ಪಾದ ತೆಗೆದರು. ಮೂಳೆಯ ಬಣ್ಣದ್ದು. ಗಿಣ್ಣಿನ ಜಾಗದಲ್ಲಿ ಮೇಲೊಂದು ಲೋಹದ ತಟ್ಟೆ, ಕೆಳಗೊಂದು ಲೋಹದ ಟೋಪಿ, ನಡುವೆ ಹಾಲಿನ ಬಣ್ಣದ ಪ್ಲಾಸ್ಟಿಕ್ಕಿನ ತುಂಡು. "ಸಾಮಾನ್ಯವಾಗಿ ಇಂಥ ಕಾಲಿಗೆ ಎರಡೂ ಮೂಳೆ ಸೇರಿಸಿ ಕೂಡಿಸಿಬಿಡ್ತೀವಿ. ನೋವು ಹೋಗುತ್ತೆ, ಆದರೆ ಗಿಣ್ಣು ಬಾಗಲ್ಲ. ಇದು ಬೇರೆ. ಹೊಸ ಕೀಲು. ನಮ್ಮ ಕಡೆ ಇದನ್ನ ಹಾಕಿಸಿಕೊಂಡವರು ಬಹಳ ಕಡಿಮೆ. ಎಷ್ಟು ವರ್ಷ ಬರುತ್ತೆ ಅಂತ ನಾನು ಬರೆದುಕೊಡಲಾರೆ. ಸಡಿಲವಾದರೆ ಮತ್ತೆ ಬಿಚ್ಚಿ ಕೂಡಿಸಬೇಕಾಗಬಹುದು. ಭಾರದ ಕೆಲಸ ಮಾಡೋರಿಗೆ ನಾನಿದನ್ನ ಹಾಕೋದೇ ಇಲ್ಲ. ನೀವು ಮನೇಲೇ ಇರೋರು, ನಿಮಗೆ ಹಾಕಬಹುದು."

ಹೀಗೆಂದು ಆ ಗೊಂಬೆಯ ಪಾದವನ್ನು ಬೆರಳಿನಿಂದ ಒತ್ತಿದರು. ಅದು ತಗ್ಗಿತು, ಎದ್ದಿತು. ಸದ್ದೇ ಇಲ್ಲ. ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಏಳುತ್ತ ಬೀಳುತ್ತ ಇತ್ತು, ಅಷ್ಟೇ ಹಗುರವಾಗಿ ಈ ಪಾದವೂ. ನಾನು ನೋಡುತ್ತಲೇ ಇದ್ದೆ. ಓರೆ ನೆಲದ ಮೇಲೆ ಯೋಚಿಸದೆ ಇಡುವ ಒಂದು ಹೆಜ್ಜೆ, ಅದು ನನಗೆ ಬೇಕಾಗಿತ್ತು. ಬೇರೇನೂ ಬೇಡವಾಗಿತ್ತು.

ವಾಪಸು ಬಸ್ಸಿನಲ್ಲಿ ಪಿಸುಗುಟ್ಟಿದೆ. "ಇಂಗ್ಯಾಕೆ ಹೇಳುದ್ರಿ?"

"ಇನ್ನೆಂಗೇಳನ? ನಮ್ ಮನೇಲಿ ಹೆಂಡ್ರು ಸಗಣಿ ಬಾಚ್ತಾಳೆ ಅಂತ ಹೇಳನಾ? ಅವ್ರೇನಂದ್ಕೊಂಡಾರು."

"ಬಾಚೋದು ನಿಜ ತಾನೆ?"

"ನಿಜ ಆದ್ರೆ? ಮೈಸೂರ್ಗಂಟ ಬಂದು ಹೇಳ್ಬೇಕಾ?" ಎಂದು ಕಿಟಕಿಯ ಆಚೆ ನೋಡಿದರು.

ನಾನೂ ಸುಮ್ಮನಾದೆ. ಆ ಮಾತಿನಿಂದಲೇ ಬಾಗುವ ಪಾದ ನನಗೆ ಸಿಕ್ಕುವ ಹಾಗಿತ್ತು. ನಿಜ ಹೇಳಿದರೆ ಡಾಕ್ಟರು ಗೊಂಬೆಯನ್ನು ಖಾನೆಯೊಳಗೆ ಇಟ್ಟುಬಿಡುತ್ತಿದ್ದರು.

ಆಪರೇಷನ್ನಿಗೆ ಇನ್ನೂ ಸಮಯವಿತ್ತು. ನಮ್ಮ ನಾದಿನಿಯನ್ನು ಕೊಟ್ಟದ್ದು ನಾಗಮಂಗಲಕ್ಕೆ. ಅವರ ಬೀದಿಯಲ್ಲಿ ಅಕ್ಕಸಾಲಿಗರ ಮನೆಯ ಹೆಂಗಸೊಬ್ಬರಿಗೆ ಗಿಣ್ಣು ಕೂಡಿಸಿದ್ದಾರೆ ಎಂದು ತಿಳಿದು ನೋಡಿಕೊಂಡು ಬರಲು ಹೋದೆ. ನನಗಿಂತ ಹಿರಿಯರು, ನಗುಮುಖ. ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿದರು. ಗೀರಿನಂಥ ಗುರುತು ಬಿಟ್ಟರೆ ಏನೂ ಇಲ್ಲ.

"ನೋವಿಲ್ಲ ಕಣವ್ವ. ನೋವಿಲ್ದೆ ಇರೋದು ಎಂಗಿರ್ತದೆ ಅಂತ ನಿಂಗೆ ಮರ್ತೇ ಹೋಗಿರ್ಬೇಕು. ನಂಗೂ ಮರ್ತೋಗಿತ್ತು. ನೀರಿನ ಬಿಂದ್ಗೆ ಹೊರ್ತೀನಿ, ಸಂತೆಗೆ ಹೋಗ್ತೀನಿ. ಇನ್ನೇನ್ ಬೇಕು ಹೇಳು?"

ಒಳಮನೆಯ ಕೆಂಪು ಗಾರೆ ನೆಲದ ಮೇಲೆ ಅವರು ಓಡಾಡುವುದನ್ನು ನೋಡಿದರೆ ಯಾವ ಕಾಲು ಎಂದು ಹೇಳಲಾಗುತ್ತಿರಲಿಲ್ಲ. ನನ್ನನ್ನು ಕಳಿಸಿಕೊಡಲು ಬಾಗಿಲಿಗೆ ಬಂದಾಗ ಮಾತ್ರ, ಬೀದಿಯ ಇಳಿಜಾರಿನಲ್ಲಿ ಅಡ್ಡ ತಿರುಗಿ, ಒಂದೊಂದೇ ಹೆಜ್ಜೆಯಾಗಿ ಇಳಿದರು. ಅವರಿಗೆ ಅದರ ಬೇಸರವೇ ಇರಲಿಲ್ಲ. ನಾನು ಮಾತ್ರ ಆ ಅಡ್ಡ ಹೆಜ್ಜೆಗಳನ್ನೇ ನೋಡಿದೆ. ನನಗೆ ಬಾಗುವುದೇ ಬೇಕು ಎಂದು ಆ ಬೀದಿಯಲ್ಲೇ ಗಟ್ಟಿ ಮಾಡಿಕೊಂಡೆ.

ಆಸ್ಪತ್ರೆ ಸೇರಿದ ದಿನ ಮಧ್ಯಾಹ್ನ ಸಿಸ್ಟರು ಬಂದು ಮಂಚದ ಪಕ್ಕ ನಿಂತು, ಆಮೇಲೆ ಏನೇನು ಮಾಡಬಾರದು ಎಂದು ಹೇಳತೊಡಗಿದರು. ಕುಕ್ಕರಗಾಲಲ್ಲಿ ಕೂರಬಾರದು. ತಲೆಯ ಮೇಲೆ ಹೊರೆ ಹೊರಬಾರದು. ಕೆಸರಿನಲ್ಲಿ ಓಡಾಡಬಾರದು. ಕಕ್ಕಸಿಗೆ ಕುರ್ಚಿ ಬೇಕು. ಅವರ ದನಿ ಇಂಪಾಗಿತ್ತು, ತೂಕಡಿಕೆ ಬರುವ ಹಾಗೆ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ನಮ್ಮ ಮನೆ ಬಂತು. ಹಸುವಿನ ಕೆಚ್ಚಲ ಹತ್ತಿರ, ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಮಂಡಿಗಳ ನಡುವೆ ತಂಬಿಗೆ ಇಟ್ಟುಕೊಂಡು ಕೂತವಳು. ಮಡಕೆ ಅಲುಗದಂತೆ ಅದಕ್ಕೆ ಸಿಕ್ಕಿಸಿದ ಕವೆಕೋಲನ್ನು ಎರಡೂ ಪಾದದಿಂದ ಮೆಟ್ಟಿ ಹಿಡಿದು, ಒಳಗಿನ ಮುದ್ದೆಯನ್ನು ತಿರುವುವವಳು. ಹುಲ್ಲಿನ ಹೊರೆಯ ಕೆಳಗೆ ಮುಖವೇ ಕಾಣದೆ ಬದುವಿನ ಮೇಲೆ ಬರುವವಳು. ಒಬ್ಬೊಬ್ಬಳೂ ನಾನೇ. ಸಿಸ್ಟರು ಒಂದೊಂದು ಹೇಳಿದಂತೆ ಒಬ್ಬೊಬ್ಬಳೇ ಎದ್ದು ಹೊರಗೆ ಹೋಗುತ್ತಿದ್ದಳು. ಕೊನೆಗೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಹಸುಗಳು ಮಾತ್ರ ಕೊಟ್ಟಿಗೆಯಿಂದ ಬಾಗಿಲ ಕಡೆ ನೋಡುತ್ತಿದ್ದವು.

ಸುಮ್ಮನಿದ್ದರೆ ಬಾಗುವ ಪಾದ ಬರುತ್ತದೆ. ಬಂದ ಮೇಲೆ ಮನೆಗೆ ಹೋದರೆ ಮೊದಲ ತಿಂಗಳೇ ಆ ಹೆಂಗಸರೆಲ್ಲ ಹಿಂದಿರುಗಿ ಬರುತ್ತಾರೆ, ಅದು ಮುರಿಯುತ್ತದೆ. ಕಣ್ಣು ಬಿಟ್ಟು, ಡಾಕ್ಟರನ್ನು ಕರೆಯಿರಿ ಎಂದೆ.

ಅವರು ಬಂದು ಮಂಚದ ಕಾಲಿನ ಬಳಿ ನಿಂತರು. ಯಜಮಾನರು ಫ್ಲಾಸ್ಕಿನಲ್ಲಿ ಕಾಫಿ ತಂದು ಆಗಷ್ಟೇ ಒಳಗೆ ಬಂದಿದ್ದರು.

"ಸಾರ್, ನಾನು ಮನೇಲಿ ಸುಮ್ನೆ ಇರೋಳಲ್ಲ" ಎಂದೆ. ಹಸು, ಹೊರೆ, ಮುದ್ದೆ, ನಾಟಿಯ ಕೆಸರು, ಎಲ್ಲ ಹೇಳಿದೆ.

ಡಾಕ್ಟರು ಯಜಮಾನರ ಕಡೆ ತಿರುಗಿದರು. "ಏನ್ ಯಜಮಾನ್ರೇ?"

ಇವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಅದು ಮನೆ ಕೆಲ್ಸ ಸಾರ್" ಎಂದರು. "ಮನೆ ಕೆಲ್ಸನ ಕೆಲ್ಸ ಅಂತ ಯಾರಂದಾರು."

ಡಾಕ್ಟರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. "ನೋಡಮ್ಮ, ಕೂಡಿಸಿಬಿಟ್ಟರೆ ಹೊರೆ ಹೊರಬಹುದು, ಗದ್ದೆಗೂ ಹೋಗಬಹುದು. ಬಾಗೋದಿಲ್ಲ, ಅಷ್ಟೇ. ಹೊಸ ಕೀಲು ಹಾಕಿದರೆ ಬಾಗುತ್ತೆ, ಆದರೆ ಹೊರೆ, ಕೆಸರು ಎಲ್ಲ ಬಿಡಬೇಕು. ಕುಕ್ಕರಗಾಲು ಮಾತ್ರ ಎರಡರಲ್ಲೂ ಇಲ್ಲ. ನಿಮಗೆ ಇಂಥದ್ದೇ ಅಂತ ನಾನು ಹೇಳಲ್ಲ. ಮನೆಯಲ್ಲಿ ಆ ಕೆಲಸ ಯಾರು ಮಾಡ್ತಾರೆ, ಅದನ್ನ ಮಾತಾಡಿಕೊಳ್ಳಿ. ತೀರ್ಮಾನ ಆಗದಿದ್ದರೆ ಈಗ ಬೇಡ, ಊರಿಗೆ ಹೋಗಿ ಬನ್ನಿ."

ಅವರು ಹೋದ ಮೇಲೆ ಯಜಮಾನರು ವರಾಂಡಕ್ಕೆ ಹೋದರು. ಕಾಫಿ ಆರಿತು. ಬಹಳ ಹೊತ್ತು ಕಿಟಕಿಯ ಆಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಸಂಜೆಯ ಬಿಸಿಲು ಅವರ ಬಿಳಿ ಅಂಗಿಯ ಮೇಲೆ ಹಳದಿಯಾಗುತ್ತಿತ್ತು. ಆಮೇಲೆ ಬಂದು ಮಂಚದ ಪಕ್ಕ ನಿಂತರು.

"ನಿಂಗ್ಯಾವ್ದು ಬೇಕು?"

"ಬಾಗೋದು."

"ಹಸ?"

"ನೀವು ಕರೀಬೇಕು."

"ನಂಗೆ ಕರಿಯಕ್ಕೆ ಬತ್ತದಾ?"

"ಡಾಕ್ಟ್ರತ್ರ ನಾನೇನೂ ಮಾಡಕಿಲ್ಲ ಅಂದ್ರಲ್ಲ. ಅಂಗಾದ್ರೆ ಇಷ್ಟ್ ದಿನ ನೀವೇ ತಾನೆ ಕರ್ದಿರ್ಬೇಕು?"

ಅವರಿಗೆ ನಗು ಬಂತು, ಬರಬಾರದೆಂದು ಮೀಸೆ ಒರೆಸಿಕೊಂಡರು. "ಬಾಯಿಗೇನೂ ವಾತ ಬಂದಿಲ್ಲ ನಿಂಗೆ" ಎಂದರು. ನನ್ನ ಪಾದದ ಮೇಲೆ ಹೊದಿಕೆ ಎಳೆದರು. "ಆಯ್ತು ಕಣಮ್ಮಿ. ಬಾಗೋದೇ ಆಕುಸ್ಕೊ."

ಆಪರೇಷನ್ ದಿನದ ನೆನಪು ನನಗೆ ಒಂದು ಉದ್ದನೆಯ ಮಧ್ಯಾಹ್ನದ ಹಾಗೆ ಉಳಿದಿದೆ, ಅದು ಬೆಳಿಗ್ಗೆ ನಡೆದದ್ದಾದರೂ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಮೊದಲು ಕಾಲು ಬೆಚ್ಚಗಾಯಿತು, ಆಮೇಲೆ ಭಾರವಾಯಿತು, ಆಮೇಲೆ ಇಲ್ಲವಾಯಿತು. ಸೊಂಟದ ಮೇಲಿನವಳು ಮಾತ್ರ ನಾನು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಅದರ ಆಚೆ ಗರಗಸ ಆಡಿದ ಸದ್ದು, ಸುತ್ತಿಗೆಯ ಸದ್ದು. ನಮ್ಮ ತವರಿನಲ್ಲಿ ಮರಗೆಲಸದ ಆಚಾರರು ಬೇವಿನ ಮರದ ಕೆಳಗೆ ಗಾಡಿಯ ಗಾಲಿಗೆ ಅರೆಕಾಲಿನ ಕಡ್ಡಿ ಬಡಿಯುತ್ತಿದ್ದದ್ದು ಹೀಗೇ. ಬೇವಿನ ಹೂವಿನ ವಾಸನೆಯೂ ಬಂದಂತಾಯಿತು. ನನ್ನ ಪಾದ ಎಲ್ಲೋ ನನ್ನನ್ನು ಬಿಟ್ಟು ರಿಪೇರಿಗೆ ಹೋಗಿದೆ, ಬರುವಾಗ ಬರಲಿ ಎಂದುಕೊಂಡೆ. ಯಾರೋ "ನಿದ್ದೆ ಬಂತಾ ಅಮ್ಮಾ?" ಎಂದು ಕೇಳಿದರು. ಇಲ್ಲ ಎಂದು ಹೇಳುತ್ತಲೇ ಮಲಗಿಬಿಟ್ಟೆ.

ಊರಿಗೆ ಬಂದ ಮೇಲೆ ಬಹಳ ದಿನ ನಡುಮನೆಯಲ್ಲೇ ಇದ್ದೆ, ಪಟ್ಟಿ ಹಾಕಿದ ಕಾಲನ್ನು ದಿಂಬುಗಳ ಮೇಲೆ ಎತ್ತಿಟ್ಟುಕೊಂಡು. ಪಾದ ನೆಲಕ್ಕೆ ಊರುವ ಹಾಗಿರಲಿಲ್ಲ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ತುಂಡು ಬೆಳಿಗ್ಗೆ ಕಣಜದ ಬುಡದಲ್ಲಿ ಇರುತ್ತಿತ್ತು, ಊಟದ ಹೊತ್ತಿಗೆ ನನ್ನ ಚಾಪೆಗೆ ಬರುತ್ತಿತ್ತು, ಆಮೇಲೆ ಗೋಡೆ ಹತ್ತಿ ಮಾಯವಾಗುತ್ತಿತ್ತು. ಮದುವೆಯಾಗಿ ಅಷ್ಟು ವರ್ಷ ಆ ಮನೆಯಲ್ಲಿದ್ದರೂ ಅದು ಹಾಗೆ ನಡೆದಾಡುವುದನ್ನು ನಾನು ನೋಡಿರಲೇ ಇಲ್ಲ.

ಯಜಮಾನರು ಹಳೆಯ ಮರದ ಕುರ್ಚಿಗೆ ನಡುವೆ ತೂತು ಕೊರೆದು ನನಗಾಗಿ ಹಿತ್ತಲಲ್ಲಿ ಇಟ್ಟರು. ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು ನೋಡಿದರು. "ಇದೇನ್ಲಾ, ನಿಮ್ಮಪ್ಪ ಪಂಚಾಯ್ತಿ ಮಾಡ್ತಿದ್ದ ಕುರ್ಚಿ ಅಲ್ವೇನ್ಲಾ ಇದು? ಅಯ್ಯೋ ಅಯ್ಯೋ."

"ಅಪ್ಪ ಈಗೆಲ್ ಪಂಚಾಯ್ತಿ ಮಾಡಾನು, ಬುಡವ್ವ" ಎಂದರು ಇವರು.

ಮುದ್ದೆ, ಒಲೆ ಅತ್ತೆಯ ಪಾಲಿಗೆ ಬಂತು. ಹುಲ್ಲಿನ ಹೊರೆ ಇವರ ತಲೆಗೆ ಬಂತು. ವಯಸ್ಸಾದ ಅತ್ತೆ ಕುಕ್ಕರಗಾಲಲ್ಲಿ ಕೂರಲಾರರು, ಹಾಗಾಗಿ ಹಸು ಕರೆಯುವುದೂ ಇವರದ್ದೇ, ಅದು ಮಾತ್ರ ಹಸುವಿಗೆ ಒಪ್ಪಿಗೆ ಇರಲಿಲ್ಲ. ನಾಟಿ ಹಸು ಹೇಗೋ ಹೊಂದಿಕೊಂಡಿತು. ಸೀಮೆ ಹಸು ಇವರ ಕೈ ತಾಕಿದ ಕೂಡಲೇ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕರುವನ್ನು ಬಿಟ್ಟರೂ ಸೊರೆ ಬಿಟ್ಟು ಹಾಲು ಇಳಿಸುತ್ತಿರಲಿಲ್ಲ. ನಡುಮನೆಯಲ್ಲಿ ಮಲಗಿ ನಾನು ಕೇಳುತ್ತಿದ್ದೆ: ಬಕೆಟ್ಟಿನ ತಳಕ್ಕೆ ಒಂದೆರಡು ಎಳೆ ಬಿದ್ದ ಸದ್ದು, ಆಮೇಲೆ ಮೌನ, ಆಮೇಲೆ ಒದೆ, ಬಕೆಟ್ಟು ಉರುಳಿದ್ದು, ಆಮೇಲೆ ಇವರ ಬೈಗುಳ. ಡೈರಿಗೆ ಹಾಕಲು ಕ್ಯಾನಿನ ತಳ ಮುಚ್ಚುವಷ್ಟೂ ಹಾಲು ಆಗುತ್ತಿರಲಿಲ್ಲ. ಕೆಚ್ಚಲು ಬಾತುಕೊಳ್ಳುತ್ತದೆಂದು ನನಗೆ ಹೆದರಿಕೆ. ಒಂದು ಬೆಳಿಗ್ಗೆ ಗೋಡೆ ಹಿಡಿದು ಏಳಲು ಹೋದೆ. ಅತ್ತೆ ಕಣ್ಣಲ್ಲೇ ಕೂರಿಸಿದರು. ಹಗ್ಗದ ಮೇಲಿದ್ದ ನನ್ನ ಹಳೆಯ ಸೀರೆಯನ್ನು ಎಳೆದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಹೋದರು.

"ತಗಳ್ಳಾ. ಇದ ಸುತ್ಕೊಂಡು ಕುಂತ್ಕೊ."

"ಗಂಡಸು ನಾನು, ಸೀರೆ ಉಟ್ಕೊಳ್ಳನಾ? ಊರೋರ್ ನೋಡುದ್ರೆ?"

"ಕೊಟ್ಗೇಲಿ ಯಾವ್ ಊರ್ಲಾ ಐತೆ? ಹಸಕ್ಕೆ ನಿನ್ ಮೀಸೆ ಬೇಕಿಲ್ಲ ಕಣ್ಲಾ, ಅವಳ ವಾಸ್ನೆ ಬೇಕು. ನಿಮ್ ತಾತ ಕಾಣದ್ ಸೀರೆಯಾ? ನಾನು ಹೆತ್ತು ಮಲಗ್ದಾಗ ಅವ್ರೂ ಸುತ್ಕೊಂಡೇ ಕರ್ದವ್ರೆ."

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕೇಳಿತು. ಮೊದಲು ಸಣ್ಣಗೆ, ಬಿಟ್ಟು ಬಿಟ್ಟು. ಆಮೇಲೆ ನೊರೆಯೊಳಗೆ ಹಾಲು ಇಳಿಯುವ ಆ ದಪ್ಪನೆಯ ಸದ್ದು. ನಾನು ದಿಂಬಿಗೆ ತಲೆ ಇಟ್ಟೆ. ನನ್ನ ವಾಸನೆ ಒಂದು ಕಡೆ ಕೆಲಸ ಮಾಡುತ್ತಿತ್ತು, ನಾನು ಇನ್ನೊಂದು ಕಡೆ ಮಲಗಿದ್ದೆ. ಅದು ಎಂಥ ಸುಖವೋ ಎಂಥ ಸಂಕಟವೋ ಬಿಡಿಸಿ ಹೇಳಲಾರೆ.

ಕೊಟ್ಟಿಗೆಯಲ್ಲಿ ಊರು ಇಲ್ಲ ಎಂದು ಅತ್ತೆ ಹೇಳಿದ್ದು ಬಹಳ ದಿನ ನಡೆಯಲಿಲ್ಲ. ಡೈರಿಗೆ ಹೋಗುವ ಪಕ್ಕದ ಮನೆಯವನು ಗೋಡೆಯ ಆಚೆಯಿಂದ ಇಣುಕಿ, ಸೀರೆಯ ಬೆನ್ನು ನೋಡಿ ಕೂಗಿದ. "ಏನಕ್ಕಾ! ಕಾಲು ವಾಸಿಯಾಗೋಯ್ತಾ? ಆಗ್ಲೇ ಕರಿಯಕ್ಕೆ ಕುಂತ್ಬುಟ್ಟಿದ್ದೀಯಲ್ಲ!"

"ಆಯ್ತು ಹೋಗ್ಲಾ" ಎಂದು ಸೀರೆಯೊಳಗಿಂದ ಗಂಡಸಿನ ದನಿ ಬಂತು.

ಆವತ್ತು ಡೈರಿಯ ಮುಂದೆ ಏನೇನು ಮಾತಾಯಿತೋ, ಇವರು ನನಗೆ ಹೇಳಲಿಲ್ಲ. ಆಗ ಕಿಕ್ಕೇರಿಯಲ್ಲಿದ್ದ ನಮ್ಮಣ್ಣ ನನ್ನನ್ನು ನೋಡಲು ಬಂದಾಗ ಅವನ ಕಿವಿಗೂ ಬಿದ್ದಿತ್ತು ಅಂದರೆ ಅದು ಎಷ್ಟು ದೂರ ಹೋಗಿರಬೇಕು. ಇವರು ಮಾತ್ರ ಸೀರೆ ಬಿಡಲಿಲ್ಲ. ನಾನು ಉಟ್ಟು ವಾಸನೆ ಮಾಡಿಕೊಡಬೇಕೆಂದು ವಾರಕ್ಕೊಮ್ಮೆ ತಂದು ನನ್ನ ಮಗ್ಗುಲಲ್ಲಿ ಹಾಕಿ ಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಪಾದ ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಹಾಗಿತ್ತು. ಮೇಲಕ್ಕೆ ಕೆಳಕ್ಕೆ ಆಡಿಸಿ ಎಂದಿದ್ದರು. ಬಿಸಿಲಿನ ತುಂಡಿನಲ್ಲಿ ಇಟ್ಟುಕೊಂಡು ಆಡಿಸುತ್ತಿದ್ದೆ. ಗೊಂಬೆಯಷ್ಟು ಹಗುರವಾಗಿ ಬಾಗಲಿಲ್ಲ, ಆದರೆ ಬಾಗಿತು. ವಾಕರ್ರು ಹೋಗಿ ಕೋಲು ಬಂತು, ಕೋಲೂ ಮೂಲೆ ಸೇರುವ ಹೊತ್ತಿಗೆ ಕಬ್ಬಿನ ತುದಿಗೆ ಸೂಲಂಗಿ ಹೂ ಬಂದಿತ್ತು.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹಿತ್ತಲ ಬಾಗಿಲು ದಾಟಿದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನೆಲ ಗಂಜಲದ ಕಾಲುವೆಯ ಕಡೆಗೆ ಓರೆಯಾಗಿ ಇಳಿಯುತ್ತದೆ. ಅದು ನನ್ನ ನೆನಪಿಗೆ ಬರುವ ಮೊದಲೇ ಪಾದ ಅಲ್ಲಿ ಕೂತಾಗಿತ್ತು, ಓರೆಗೆ ಓರೆಯಾಗಿ, ನೆಲದ ಮೇಲೆ ಇಟ್ಟ ಅಂಗೈಯ ಹಾಗೆ. ನೋವಿಗೆ ಕಾದೆ. ಬರಲಿಲ್ಲ. ಒಳಗೆ ನನ್ನ ಸೀರೆ ಹೊದ್ದ ಬೆನ್ನು ಹಸುವಿನ ಹೊಟ್ಟೆಗೆ ಒರಗಿತ್ತು. "ಬಾ ನಮ್ಮವ್ವ, ಬುಡು ನನ್ ತಾಯಿ" ಎಂದು ಅದರ ಜೊತೆ ಮಾತಾಡುತ್ತಿತ್ತು. ನನ್ನ ಜೊತೆ ಅಷ್ಟು ಮೆತ್ತಗೆ ಮಾತಾಡಿದ ನೆನಪಿಲ್ಲ. ನಾನು ಒಂದು ಹೆಜ್ಜೆ ಒಳಗಿಟ್ಟೆ.

ಹಸು ತಲೆ ತಿರುಗಿಸಿ ನನ್ನನ್ನು ನೋಡಿತು. ಬಕೆಟ್ಟಿನ ಸದ್ದು ನಿಂತಿತು.

"ಹೋಗಮ್ಮಿ ಆಚ್ಗೆ" ಎಂದರು ಇವರು, ಕೆಚ್ಚಲು ಬಿಡದೆಯೇ. "ನೀನಿಲ್ಲಿ ನಿಂತ್ರೆ ನಂಗೆಲ್ ಸೊರೆ ಬುಟ್ಟದು ಅದು."

"ನಾನೂ ಒಂದ್ ಕೈ..."

"ಕುರ್ಚಿ ಆಕ್ಕೊಡನಾ ನಿಂಗೆ, ಹಸೀನ್ ಕೆಳಿಕೆ? ಹೋಗು, ಹೋಗಿ ಎಲ್ಲಾದ್ರೂ ನಡ್ಕೊಂಡ್ ಬಾ. ಅದ್ಕೆ ತಾನೆ ಆಕುಸ್ಕೊಂಡಿರೋದು."

ನನ್ನ ಕೊಟ್ಟಿಗೆಯಿಂದ ನನ್ನನ್ನೇ ಆಚೆ ಕಳಿಸಿದರು. ಬಾಗಿಲ ಓರೆಯನ್ನು ಮತ್ತೆ ಹತ್ತಿದೆ, ಹತ್ತುವಾಗಲೂ ಪಾದ ತಡೆಯಲಿಲ್ಲ. ಅಂಗಳದಲ್ಲಿ ನಿಂತೆ. ಕೈಯಲ್ಲಿ ಬಕೆಟ್ಟು ಇರಲಿಲ್ಲ, ತಲೆಯ ಮೇಲೆ ಹೊರೆ ಇರಲಿಲ್ಲ. ಅಷ್ಟು ಬೆಳಿಗ್ಗೆ, ಆ ಊರಿನಲ್ಲಿ, ಏನೂ ಕೆಲಸವಿಲ್ಲದೆ ಒಬ್ಬ ಹೆಂಗಸು ಎಲ್ಲಿಗೆ ಹೋಗುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹಿಂದೆ ಹಾಲಿನ ಸದ್ದು ಮತ್ತೆ ಶುರುವಾಯಿತು. ಸೆರಗು ಹೊದ್ದುಕೊಂಡು, ಬೇಲಿಯ ದಣಪೆಯ ಗಳ ಸರಿಸಿ, ಮಂಜಿನೊಳಗೆ ಬಲಗಾಲು ಮುಂದಿಟ್ಟೆ.